ಹಿತ್ತಲಿಗೆ ಹಾಕಿದ ಚಪ್ಪರ

ಮೊನ್ನೆ ಮಾನಂದವಾಡಿಯಿಂದ ಬರುವಾಗ ಕಾಟ್ಟಿಕುಳಂ ದಾಟಿದ ಮೇಲೆ ಬಸ್ಸು ನಿಂತಿತು. ರಸ್ತೆ ಬದಿ ಸವರುವ ಹೆಂಗಸರು ಸಾಲಾಗಿ ನಿಂತು ಕಮ್ಯೂನಿಸ್ಟ್ ಪಚ್ಚ ಕಡಿಯುತ್ತಿದ್ದರು. ಈ ಹೆಸರು ಕೇಳಿದರೆ ಗುಂಡ್ಲುಪೇಟೆ ಕಡೆಯ ನಮ್ಮ ನೆಂಟರು ನಗುತ್ತಾರೆ. ವಯನಾಡಿನಲ್ಲಿ ಅದೊಂದು ಕಳೆ ಗಿಡದ ಹೆಸರು. ಖಾಲಿ ಜಾಗ ಕಂಡರೆ ಸಾಕು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆಳೆತ್ತರ ಎದ್ದು ನಿಂತಿರುತ್ತದೆ. ಅದನ್ನು ಕಡಿಯುವಾಗ ಕೈ ಕುಯ್ದುಕೊಂಡರೆ ಅದರದೇ ಎಲೆ ಜಜ್ಜಿ ಹಿಂಡಿದರೆ ರಕ್ತ ನಿಲ್ಲುತ್ತದೆ. ಕಡಿದ ಗಿಡದ ಹಸಿ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದವಳು ಸೆರಗು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಒಂದು ಬೇಸಿಗೆ ಪೂರ್ತಿ ನಾನು ಈ ವಾಸನೆಯಲ್ಲೇ ಉಂಡು, ಈ ವಾಸನೆಯಲ್ಲೇ ಮಲಗಿ ಎದ್ದಿದ್ದೆ.

ಆ ವರ್ಷ ಮೆಣಸು ಕೊಯ್ಯುವ ಕಾಲದಲ್ಲಿ ನನ್ನ ಗಂಡ ರಾಜಪ್ಪ ಮರದಿಂದ ಬಿದ್ದರು. ನಮ್ಮ ಮೆಣಸಿನ ಬಳ್ಳಿಗಳು ಸಿಲ್ವರ್ ಓಕ್ ಮರಗಳ ಮೇಲೆ ಹಬ್ಬಿದ್ದವು. ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿ ಕೊಯ್ಯಬೇಕು. ಮದುವೆಯಾದಾಗಿನಿಂದ ಈ ಮನುಷ್ಯ ನೆಲದ ಮೇಲೆ ನಿಂತಿದ್ದಕ್ಕಿಂತ ಏಣಿಯ ಮೇಲೆ ನಿಂತಿದ್ದೇ ಜಾಸ್ತಿ ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವತ್ತು ಇಬ್ಬನಿಗೆ ಏಣಿಯ ಬುಡ ಜಾರಿತು. ನಾನು ಓಡಿ ಹೋಗಿ ನೋಡಿದಾಗ ಕಾಫಿ ಗಿಡಗಳ ನಡುವೆ ಅಂಗಾತ ಬಿದ್ದಿದ್ದರು. ಮೈಮೇಲೆಲ್ಲ ಹಸಿರು ಮೆಣಸು ಚೆಲ್ಲಿತ್ತು.

"ನನ್ ಕಾಲೆಲ್ಲೋದೊ ನೋಡು ಸರೋಜ" ಎಂದು ಕೇಳಿದರು.

ಕಾಲುಗಳು ಅಲ್ಲೇ ಇದ್ದವು, ಮಣ್ಣು ಮೆತ್ತಿಕೊಂಡು. ನಾನು ಮುಟ್ಟಿ ತೋರಿಸಿದೆ. ಮುಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ.

ಮಾನಂದವಾಡಿಯ ಆಸ್ಪತ್ರೆಯವರು ನೋಡಿ ಕೋಳಿಕ್ಕೋಡಿಗೆ ಕಳಿಸಿದರು. ಘಾಟಿಯ ಪ್ರತಿ ತಿರುವಿನಲ್ಲೂ ಆಂಬುಲೆನ್ಸಿನೊಳಗೆ ಅವರ ತಲೆ ಹಿಡಿದುಕೊಂಡು ಕೂತಿದ್ದೆ. ಅಲ್ಲಿ ಆಪರೇಷನ್ ಆಯಿತು. ಆಮೇಲೆ ಡಾಕ್ಟರು ನನ್ನನ್ನು ವಾರ್ಡಿನಿಂದ ಹೊರಗೆ ಕರೆದು, ಜೀವಕ್ಕೇನೂ ಅಪಾಯವಿಲ್ಲ, ಆದರೆ ಸೊಂಟದ ಕೆಳಗಿನದು ಇನ್ನು ಬರುವುದಿಲ್ಲ ಎಂದರು. ಇಂಥ ಮಾತನ್ನು ರೋಗಿಯ ಹೆಂಡತಿಗೆ ಹೇಳುತ್ತಾರೆ, ಅಣ್ಣತಮ್ಮಂದಿರಿಗೆ ಹೇಳುತ್ತಾರೆ, ರೋಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ನಾನು ಒಳಗೆ ಬಂದಾಗ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. "ಎಲ್ಲಾ ಸರಿಹೋಗುತ್ತಂತೆ" ಎಂದೆ. ಅವರು ಇನ್ನೇನೂ ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ.

ಮನೆಗೆ ತಂದು ಹಿಂದಿನ ಕೋಣೆಯಲ್ಲಿ ಮಲಗಿಸಿದೆವು. ಮನೆಯಲ್ಲಿ ನಾವು ಮೂರೇ ಜನ, ನಾನು, ಇವರು ಮತ್ತು ಇವರ ತಾಯಿ ದೇವಮ್ಮ. ನಮಗೆ ಮಕ್ಕಳಾಗಲಿಲ್ಲ. ಕಾಟ್ಟಿಕುಳಂನಲ್ಲಿದ್ದ ನನ್ನ ಟೈಲರಿಂಗ್ ಅಂಗಡಿಯ ಬಾಗಿಲು ಹಾಕಿ, ಹೊಲಿಗೆ ಮೆಷಿನನ್ನು ಆಟೋದಲ್ಲಿ ಮನೆಗೆ ತಂದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮಗ್ಗುಲು ತಿರುಗಿಸಿದರೆ ತಿರುಗಿಸಿದ ಕಡೆ, ಬಿಟ್ಟರೆ ಬಿಟ್ಟ ಕಡೆ. ಗಂಜಿ ಹಿಡಿದರೆ ಎರಡು ಗುಟುಕಿಗೆ ತುಟಿ ಬಿಗಿದುಕೊಳ್ಳುತ್ತಿದ್ದರು. ಬೈದರೆ ಮಾತಿಲ್ಲ, ಅತ್ತರೆ ಮಾತಿಲ್ಲ. ಜಗಳಗಂಟ ಗಂಡನನ್ನು ಹೇಗೋ ಸಂಭಾಳಿಸಬಹುದು, ಮಾತಾಡದ ಗಂಡನ ಜತೆ ಏಗುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಸಿಗೆ ಹಿಡಿದವರನ್ನು ಮನೆಮನೆಗೆ ಬಂದು ನೋಡುವ ಪಾಲಿಯೇಟಿವ್ ನರ್ಸ್ ಒಬ್ಬರು ಜೀಪಿನಲ್ಲಿ ಬರುತ್ತಿದ್ದರು, ಶೈನಿ ಸಿಸ್ಟರ್ ಅಂತ. ಮಲಯಾಳಿ. ತೋಲ್ಪೆಟ್ಟಿ ಕಡೆಯ ನಮ್ಮಂಥ ಮನೆಗಳಿಗೆ ಹೋಗಿ ಹೋಗಿ ನಮ್ಮ ಕನ್ನಡವನ್ನೂ ಅರ್ಧಂಬರ್ಧ ಕಲಿತಿದ್ದರು. ಮಲಗಿ ಮಲಗಿ ಬೆನ್ನಿಗೆ ಎದ್ದಿದ್ದ ಹುಣ್ಣಿಗೆ ಪಟ್ಟಿ ಕಟ್ಟಿ, ನನ್ನನ್ನು ಹಿಂಬಾಗಿಲ ಹತ್ತಿರ ಕರೆದರು.

"ಚೇಚೀ, ಊಟ ಇಲ್ಲ ಅಂದ್ರೆ ಹುಣ್ಣು ಒಣಗಲ್ಲ. ಹುಣ್ಣು ಒಣಗಿಲ್ಲ ಅಂದ್ರೆ ನನ್ನ ಮರುನ್ನು, ಮದ್ದು, ಏನೂ ಮಾಡಲ್ಲ. ರಾಜಪ್ಪ ಚೇಟನ ಮನಸ್ಸು ಹೋಗಿದೆ. ಮುಖಕ್ಕೆ ಬಿಸಿಲು ಬೇಕು, ಗಾಳಿ ಬೇಕು. ದಿನಾ ಹೊರಗೆ ತನ್ನಿ."

"ತರದಿದ್ರೆ?"

ಅವರು ಜೀಪಿನಿಂದ ಒಂದು ಗಾಲಿಕುರ್ಚಿ ಇಳಿಸಿಕೊಟ್ಟು ಹೋದರು. ಉತ್ತರ ನನಗೆ ತಿಳಿಯಿತು. ಆ ಕುರ್ಚಿಯಲ್ಲಿ ಮೊದಲು ಯಾರು ಕೂತಿದ್ದರು, ಅವರಿಗೇನಾಯಿತು ಎಂದು ಕೇಳುವ ಧೈರ್ಯವಾಗಲಿಲ್ಲ.

ಹೊರಗೆ ಎಂದರೆ ಎಲ್ಲಿಗೆ? ನಮ್ಮ ಮನೆ ಇಳಿಜಾರಿನಲ್ಲಿದೆ. ಮುಂದಿನ ಬಾಗಿಲಿಗೆ ಎತ್ತರದ ಮೆಟ್ಟಿಲು, ಅದರಾಚೆ ಕಾಫಿ ಒಣಗಿಸುವ ಕಣ, ಅದರಾಚೆ ರಸ್ತೆಯ ಧೂಳು. ನೆಲಕ್ಕೆ ಸಮನಾಗಿ ಇದ್ದದ್ದು ಹಿಂಬಾಗಿಲು ಮಾತ್ರ. ಆ ಬಾಗಿಲು ತೆರೆದರೆ ಹಿತ್ತಲು ಎಂಬ ಕಾಡು. ಮಾವ ತೀರಿಕೊಂಡು, ದನ ಮಾರಿದ ಮೇಲೆ ಅತ್ತ ಯಾರೂ ಕಾಲಿಟ್ಟಿರಲಿಲ್ಲ. ಕೊಟ್ಟಿಗೆಯ ಹೆಂಚು ಕುಸಿದು ಅದರ ಮೇಲೆ ಬಳ್ಳಿ ಹಬ್ಬಿತ್ತು. ಮುರಿದ ಬಕೆಟ್ಟು, ಗೊಬ್ಬರದ ಖಾಲಿ ಚೀಲ, ಔಷಧಿ ಸಿಂಪಡಿಸುವ ತೂತುಬಿದ್ದ ಡಬ್ಬಿ, ಬೇಡವಾದದ್ದೆಲ್ಲ ಅಲ್ಲಿಗೆ ಬೀಳುತ್ತಿತ್ತು. ಉಳಿದ ಜಾಗದ ತುಂಬ ಕಮ್ಯೂನಿಸ್ಟ್ ಪಚ್ಚ. ಇವರ ಕಿಟಕಿ ತೆರೆಯುತ್ತಿದ್ದದ್ದು ಅದಕ್ಕೇ.

ಆ ದಿನಗಳಲ್ಲಿ ಇವರ ಪಕ್ಕ ಕೂತು ಸುಮ್ಮನೆ ಫೋನು ತಿಕ್ಕುತ್ತಿದ್ದೆ. ಯಾವಳೋ ಒಬ್ಬಳು ಪಾಳುಬಿದ್ದ ಹಿತ್ತಲನ್ನು ಚೊಕ್ಕ ಮಾಡಿ, ಕಲ್ಲು ಹಾಸಿ, ನೆರಳು ಕಟ್ಟಿ, ಹೂಕುಂಡ ತೂಗುಹಾಕಿ, ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುವ ವಿಡಿಯೋ ಬಂತು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅವಳ ಸೀರೆಗೆ ಒಂದು ಚಿಟಿಕೆ ಮಣ್ಣೂ ಅಂಟಿರಲಿಲ್ಲ. ಎಲಾ ಇವಳ ಎಂದುಕೊಂಡೆ. ಆದರೆ ಮತ್ತೆ ಮತ್ತೆ ನೋಡಿದೆ. ಇಲ್ಲಿ ಎಲ್ಲರ ಮನೆ ಮುಂದೆಯೂ ಕೂರಲು ಒಂದು ಸಿಟ್‌ಔಟ್ ಇರುತ್ತದೆ, ನಾನು ಹಿಂದೊಂದು ಮಾಡುತ್ತೇನೆ ಎಂದು ತೀರ್ಮಾನಿಸಿದೆ. ಮುಳುಗುವವರಿಗೆ ಏನು ಸಿಕ್ಕಿದರೂ ಹಿಡಿದುಕೊಳ್ಳಬೇಕೆನಿಸುತ್ತದಲ್ಲ, ನನ್ನದು ಅದೇ ಸ್ಥಿತಿ.

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಹತ್ತಿರ ಕೂತು ಹೇಳಿದೆ. "ಅತ್ತೆ, ಹಿತ್ಲನ್ನ ಚೊಕ್ಕ ಮಾಡಿ ಒಂದು ಚಪ್ಪರ ಹಾಕುಸ್ತೀನಿ. ಇವರನ್ನ ಅಲ್ಲಿಗೆ ತರಾಣ."

ಮೊರ ನಿಂತಿತು. "ಸಿಸ್ಟರು ಹೇಳುದ್ರಾ?"

"ಹೂಂ, ಅವರೇ ಹೇಳಿದ್ದು."

 ಅತ್ತೆ ಮೊರವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದರು. ಮೊದಲಿನಿಂದಲೂ ಅವರಿಗೆ ನನ್ನ ಹೊಸ ಹೊಸ ಯೋಚನೆಗಳು ಹಿಡಿಸುವುದಿಲ್ಲ. ಬೇಡ ಅನ್ನಲಿಲ್ಲವಲ್ಲ, ಅಷ್ಟೇ ಸಾಕು ಎಂದು ಕತ್ತಿ ಮಸೆದುಕೊಂಡು ಹಿತ್ತಲಿಗಿಳಿದೆ.

ಇಷ್ಟು ದಿನ ಹೊಲಿಗೆ ಮೆಷಿನು ತುಳಿದವಳಿಗೆ ಕತ್ತಿ ಬೀಸುವುದು ಸುಲಭವಾಗಲಿಲ್ಲ. ಅಂಗೈ ಬೊಕ್ಕೆಯೆದ್ದು ಒಡೆಯಿತು. ಬೆಳಿಗ್ಗೆ ಇವರ ಮೈ ಒರೆಸಿ, ಪಟ್ಟಿ ಬದಲಿಸಿ, ಬೇಡವೆಂದ ಗಂಜಿಯನ್ನು ವಾಪಸ್ಸು ಒಯ್ದು, ಅದರ ಸಿಟ್ಟನ್ನೆಲ್ಲ ಆ ಗಿಡಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಕಡಿದಷ್ಟೂ ಇತ್ತು. ಬೇರು ಕಿತ್ತರೆ ಸೊಂಟ ಕಿತ್ತುಬರುತ್ತಿತ್ತು. ಕೆಲವು ಸಲ ಅಲ್ಲೇ ಬುಡದಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದೆ, ಕಿಟಕಿಯೊಳಕ್ಕೆ ಕೇಳಬಾರದಲ್ಲ ಎಂದು. ಆಮೇಲೆ ಎದ್ದು ಮತ್ತೆ ಕಡಿಯುತ್ತಿದ್ದೆ. ಕೊಟ್ಟಿಗೆಯ ಗೋಡೆ ಬೀಳಿಸಿ, ಅದರ ಕಲ್ಲುಗಳನ್ನು ಜೋಡಿಸಿ ಉದ್ದಕ್ಕೊಂದು ಕೂರುವ ಕಟ್ಟೆ ಮಾಡಿದೆ. ಹರಿದುಹೋದ ಪ್ಯಾಂಟುಗಳನ್ನು ಕತ್ತರಿಸಿ ಕಟ್ಟೆಗೆ ಮೆತ್ತೆ ಹೊಲಿದೆ. ತೂತುಬಿದ್ದ ಬಕೆಟ್ಟುಗಳಿಗೆ ಮಣ್ಣು ತುಂಬಿ ಡೇರೆ ಹೂವಿನ ಗೆಡ್ಡೆ ನೆಟ್ಟೆ. ಪಕ್ಕದ ತೋಟದ ಏಲಿಯಮ್ಮ ಚೇಟತ್ತಿ ಬೇಲಿಯಾಚೆಯಿಂದ ನೋಡಿ, ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ನೀಲಿ ಟಾರ್ಪಾಲನ್ನೂ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನೂ ಕಳಿಸಿಕೊಟ್ಟರು. ಅವರಿಗೆ ಬಹಳ ಖುಷಿಯಾಗಿತ್ತು.

ನೆಲ ಸಮ ಮಾಡಿದ ದಿನ ಅತ್ತೆ ಹಿತ್ತಲಿಗೆ ಬಂದರು. ನಾನು ಕರೆದಿರಲಿಲ್ಲ. ಎಲ್ಲಿಂದಲೋ ಸಗಣಿ ತಂದು ಕಲಸಿಕೊಂಡು ಬಂದು, ಮಂಡಿಯೂರಿ, ಒಂದು ಗೆರೆಯೂ ತಪ್ಪದಂತೆ ಪೂರ್ತಿ ನೆಲ ಸಾರಿಸಿದರು. ಮಂಡಿ ನೋವೆಂದು ದೇವರ ಮುಂದೆಯೂ ಬಗ್ಗದ ಹೆಂಗಸು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಆಚೆ ಮೂಲೆಯಲ್ಲಿ ಒಣಕಸ ಸುಡುತ್ತಿದ್ದೆ, ಹೊಗೆ ತಾಗಿರಬೇಕು ಎಂದುಕೊಂಡೆ.

"ಮಂಚ ತಂದ್ರೆ ತಲೆ ಯಾವ ಕಡೀಕೆ ಬತ್ತದೆ?" ಎಂದು ಕೇಳಿದರು.

ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯಬಾರದು ಎಂದು ಲೆಕ್ಕ ಹಾಕಿ, "ದಕ್ಷಿಣಕ್ಕೆ ಅತ್ತೆ" ಎಂದೆ.

ಅವರು ತಲೆಯಾಡಿಸಿದರು. ಇಷ್ಟು ಚೆನ್ನಾಗಿ ಸಾರಿಸಿದ್ದೀರಿ, ಒಂದೆಳೆ ರಂಗೋಲಿ ಬಿಡಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನನಗೆ ಮೈ ಉರಿಯಿತು. "ಬ್ಯಾಡ ಕನವ್ವ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಮಗ ಹೀಗೆ ಬಿದ್ದಿರುವಾಗ ಇವಳಿಗೆ ರಂಗೋಲಿ ಬೇರೆ ಎಂದುಕೊಂಡರೇನೋ ಎಂದು ಗೊಣಗಿಕೊಂಡೆ.

ಚಪ್ಪರದ ಬಿದಿರು ಕಡಿಯಲು ತೋಲ್ಪೆಟ್ಟಿಯ ಆದಿವಾಸಿ ಹಾಡಿಯಿಂದ ಬೊಮ್ಮಣ್ಣ ಬಂದಿದ್ದ. ಮಾವನ ಕಾಲದಿಂದ ನಮ್ಮ ತೋಟದ ಕೆಲಸಕ್ಕೆ ಬರುವವನು. ನಮ್ಮ ಮೆಳೆಯಿಂದಲೇ ಬಿದಿರು ಕಡಿದು, ಇವರ ಕಿಟಕಿಯ ಕೆಳಗೆ ಕೂತು ಸೀಳಿದ. ಬಿದಿರು ಸೀಳುವ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ಕೆಲಸ ಮುಗಿದ ಮೇಲೆ ಟೀ ಕೊಟ್ಟರೆ ಮುಟ್ಟಲಿಲ್ಲ. "ಇವತ್ತು ಬ್ಯಾಡ ಅಕ್ಕ" ಎಂದ. ನಮ್ಮ ಮನೆಯ ಟೀ ಕುಡಿದು ಕುಡಿದೇ ಕೂದಲು ನರೆತವನು ಅವನು. ಎಲ್ಲರಿಗೂ ನನ್ನ ಮೇಲೆ ಏನೋ ಸಿಟ್ಟಿದೆ ಎಂದುಕೊಂಡು ಲೋಟ ಒಳಗೊಯ್ದೆ.

ಅವತ್ತು ಇವರು ತಾವಾಗಿ ಬಾಯಿ ಬಿಟ್ಟರು. ಗೋಡೆ ನೋಡುತ್ತಲೇ, "ಹಸಿ ಬಿದ್ರಾ?" ಎಂದರು.

ಅಷ್ಟು ದಿನಗಳ ಮೇಲೆ ಒಂದು ಪ್ರಶ್ನೆ! ನನ್ನ ಜೀವವೇ ಹಿಗ್ಗಿಹೋಯಿತು. "ಹಸೀದೇ. ಇವತ್ತೇ ಕಡ್ಸಿದ್ದು. ಚೆನ್ನಾಗಿ ಬಲ್ತಿರೋ ಬಿದ್ರು, ಎಷ್ಟು ಭಾರ ಆದ್ರೂ ತಡೀತದಂತೆ" ಎಂದು ಕೊಚ್ಚಿಕೊಂಡೆ.

ಅವರು ಕಣ್ಣು ಮುಚ್ಚಿದರು. ಅವತ್ತಿನಿಂದ ಗಂಜಿಯೂ ನಿಂತಿತು.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲು ನನಗೆ ಈಗಲೂ ಇಷ್ಟವಿಲ್ಲ. ಹೂಮಳೆ ಬಿದ್ದು ತೋಟದ ಕಾಫಿಯೆಲ್ಲ ಅರಳಿತ್ತು, ಆ ಘಮಕ್ಕೆ ತಲೆ ತಿರುಗುತ್ತಿತ್ತು. ಹಿತ್ತಲು ದಿನದಿಂದ ದಿನಕ್ಕೆ ಚೆಂದವಾಗುತ್ತಿತ್ತು. ಚಪ್ಪರ ನಿಂತಿತು, ಟಾರ್ಪಾಲು ಬಿಗಿದೆವು, ಡೇರೆ ಮೊಳಕೆ ಬಂತು. ಒಳಗೆ ಇವರು ದಿನದಿಂದ ದಿನಕ್ಕೆ ಹಾಸಿಗೆಗೆ ಅಂಟುತ್ತ ಹೋದರು. ಎರಡು ಚಮಚ ನೀರು ಕುಡಿಸಲು ಗೋಗರೆಯಬೇಕಿತ್ತು. "ಹೊರಗೆ ಎಷ್ಟು ಚೆನ್ನಾಗಿದೆ ಗೊತ್ತಾ, ಇನ್ನೇನು ಎಲ್ಲಾ ರೆಡಿ, ನಿಮ್ಮನ್ನ ಕರ್ಕೊಂಡೋಗದೊಂದೇ ಬಾಕಿ" ಎಂದು ನಾನು ದಿನಾ ಕಿವಿಯ ಹತ್ತಿರ ಹೇಳುತ್ತಿದ್ದೆ. ಹೇಳಿದಷ್ಟೂ ಅವರ ಮುಖ ಇಳಿಯುತ್ತಿತ್ತು. ಶೈನಿ ಸಿಸ್ಟರ್ ಬಂದು ಬೆನ್ನಿನ ಪಟ್ಟಿ ಬಿಚ್ಚಿ ನೋಡಿದರು. ಹುಣ್ಣು ದೊಡ್ಡದಾಗಿತ್ತು. ನಾನು ಯಾರಿಗಾಗಿ ಕಲ್ಲು ಹೊರುತ್ತಿದ್ದೇನೋ ಆ ಮನುಷ್ಯ ನನ್ನ ಕೈಯಿಂದ ಜಾರುತ್ತಿದ್ದರು, ಕಾರಣ ಏನೆಂದು ನನಗೆ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಆ ಖಾಲಿ ಕುರ್ಚಿಗಳ ನಡುವೆ ನಿಂತು, ಮೆತ್ತೆಗಳನ್ನೆಲ್ಲ ತೆಗೆದು ಎಸೆದೆ. ಆಮೇಲೆ ಒಂದೊಂದಾಗಿ ಹೆಕ್ಕಿ ತಂದು ಧೂಳು ಕೊಡವಿ ಮತ್ತೆ ಜೋಡಿಸಿದೆ. ಇನ್ನೇನು ಮಾಡಲಿ? ನನಗೆ ಬೇರೆ ದಾರಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಇವರು ನನ್ನ ಕೈ ಹಿಡಿದರು. "ಅಕ್ಕನಿಗೆ ಫೋನ್ ಮಾಡು. ನೋಡ್ಬೇಕು" ಎಂದರು.

ಅಕ್ಕ ಎಂದರೆ ಗೌರತ್ತಿಗೆ, ಗಡಿಯಾಚೆ ಕುಟ್ಟದಲ್ಲಿದ್ದರು. ಯಾರನ್ನೋ ನೋಡಬೇಕು ಅನಿಸಿತಲ್ಲ ಇವರಿಗೆ, ಅದೇ ದೊಡ್ಡದು ಎಂದು ನಾನು ಕೂಡಲೇ ಫೋನು ತಿರುಗಿಸಿದೆ. "ಅತ್ತಿಗೆ, ನಿಮ್ಮ ತಮ್ಮ ನಿಮ್ಮನ್ನ ನೋಡ್ಬೇಕಂತೆ, ಬನ್ನಿ. ಎಲ್ಲರೂ ಬನ್ನಿ. ಹಿತ್ಲಲ್ಲಿ ಚಪ್ಪರ ಹಾಕ್ಸಿದೀನಿ, ಎಷ್ಟು ಜನ ಬಂದ್ರೂ ಕೂರಬೋದು" ಎಂದೆ. ಆ ಕಡೆ ಮಾತಿಲ್ಲ. ಸಿಗ್ನಲ್ ಹೋಯಿತೆಂದು ಇಟ್ಟುಬಿಟ್ಟೆ.

ಅವತ್ತು ಮಧ್ಯಾಹ್ನಕ್ಕೆ ಮುಂಚೆಯೇ ಜೀಪು ಬಂತು. ನಾನು ಅಡುಗೆಮನೆಯಲ್ಲಿದ್ದೆ. ಮೊದಲು ಕೇಳಿದ್ದು ಅಳು. ಗೌರತ್ತಿಗೆ ರಸ್ತೆಯಿಂದಲೇ ಎದೆ ಬಡಿದುಕೊಂಡು ಇಳಿಯುತ್ತಿದ್ದರು. ಅವರ ಹಿಂದೆ ಅವರ ಗಂಡ, ಮೈದುನಂದಿರು, ಇನ್ನೂ ಯಾರ್ಯಾರೋ. ಗಂಡಸರೆಲ್ಲ ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದರು. ನಾನು ಕೈಯಲ್ಲಿ ಸೌಟು ಹಿಡಿದೇ ಹೊರಗೆ ಓಡಿದೆ. ಅತ್ತಿಗೆ ನನ್ನನ್ನು ತಬ್ಬಿಕೊಂಡರು.

"ಯಾವಾಗೋದ್ನವ್ವ ನನ್ ತಮ್ಮ?"

"ಎಲ್ಲಿಗೆ?" ಎಂದೆ.

ಅಳು ನಿಂತಿತು. ಅತ್ತಿಗೆ ಹಿಂದೆ ಸರಿದು ನನ್ನ ಮುಖ ನೋಡಿದರು. "ಇನ್ನೂ ಜೀವ ಅದಾ?"

"ಒಳಗೆ ಮಲಗವ್ರೆ. ನಿಮ್ಮನ್ನ ನೋಡ್ಬೇಕಂತಲ್ವಾ ಕರೆದಿದ್ದು? ಏನತ್ತಿಗೆ ಇದೆಲ್ಲ?"

ಅವರ ಚೀಲದಿಂದ ಮಡಿಕೆ ಬಿಚ್ಚದ ಹೊಸ ಬಿಳಿ ಬಟ್ಟೆ ಇಣುಕುತ್ತಿತ್ತು. ಹೊಲಿಯುವವಳು ನಾನು, ಬಟ್ಟೆ ನೋಡಿದರೆ ಅದು ಯಾವುದಕ್ಕೆ ಎಂದು ಗೊತ್ತಾಗುತ್ತದೆ. ಹೆಣದ ಮೇಲೆ ಹೊದಿಸಲು ಒಡಹುಟ್ಟಿದವಳು ತರುವ ಬಟ್ಟೆ ಅದು. 

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಚಪ್ಪರ ಹಾಕ್ಸಿದ್ದು ನೀನೇ ಅಲ್ವಾ ಸರೋಜ?" ಎಂದರು, ಬಹಳ ಮೆಲ್ಲಗೆ. "ಸಿಸ್ಟರು ನಿಂಗೆ ಹೇಳವ್ರೆ, ನಂಗ್ ಹೇಳಕಾಗ್ದೆ ಚಪ್ಪರದ್ ಮಾತು ಎತ್ತಿದ್ದೀಯ ಅನ್ಕಂಡೆ. ದಕ್ಷಿಣಕ್ಕೆ ತಲೆ ಅಂದೆ. ನನ್ ಮಗನ್ಗೆ ನಾನೇ ನೆಲ ಸಾರ್ಸ್‌ಕೊಟ್ಟೆ."

ಆಗ ಗೌರತ್ತಿಗೆ ಬಿಡಿಸಿ ಹೇಳಿದರು. ಅವರ ಮನೆತನದಲ್ಲಿ ಮದುವೆ ಚಪ್ಪರ ಮುಂದೆ, ಸಾವಿನ ಚಪ್ಪರ ಹಿಂದೆ. ಮುಂಬಾಗಿಲಲ್ಲಿ ಮನೆದೇವರಿರುವುದರಿಂದ ಅದರ ಮುಂದೆ ಹೆಣ ದಾಟಿಸುವಂತಿಲ್ಲ. ಇನ್ನು ಉಳಿಯುವುದಿಲ್ಲ ಎಂದು ಖಚಿತವಾದಾಗಲೇ ಹಿತ್ತಲು ಸವರಿ, ನೆಲ ಸಾರಿಸಿ, ಹಸಿ ಬಿದಿರಿನಲ್ಲಿ ಚಪ್ಪರ ಹಾಕಿ, ಜೀವ ಇರುವಾಗಲೇ ಅಲ್ಲಿಗೆ ತಂದು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸುತ್ತಾರೆ. ಮಾವನನ್ನು ಹಾಗೇ ಮಲಗಿಸಿದ್ದರು. ಆಗ ನನಗೆ ಮದುವೆಯಾಗಿರಲಿಲ್ಲ. ನಾನು ಮಾನಂದವಾಡಿ ಪೇಟೆಯಲ್ಲಿ ಬೆಳೆದವಳು. ಅಪ್ಪನ ದಿನಸಿ ಅಂಗಡಿಯ ಹಿಂದೆ ನಮ್ಮ ಬಾಡಿಗೆ ಮನೆ, ಹಿಂಬಾಗಿಲು ತೆರೆದರೆ ಇನ್ನೊಬ್ಬರ ಗೋಡೆ. ಹಿತ್ತಲೇ ಇಲ್ಲದ ಮನೆಯಿಂದ ಬಂದವಳಿಗೆ ಹಿತ್ತಲ ಶಾಸ್ತ್ರ ಎಲ್ಲಿಂದ ಗೊತ್ತಾಗಬೇಕು? ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ಹೇಳಿದರೆ ಕರೆದ ಹಾಗಾಗುತ್ತದಂತೆ.

ಸಾವಿನ ಚಪ್ಪರಕ್ಕೆಂದು ಬಿದಿರು ಕಡಿದ ಬೊಮ್ಮಣ್ಣ ಯಾಕೆ ಟೀ ಕುಡಿಯಲಿಲ್ಲ ಎಂಬುದು ಆಗ ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಹೊಳೆದು, ನಾನು ಎಲ್ಲರನ್ನೂ ಅಲ್ಲೇ ಬಿಟ್ಟು ಕೋಣೆಗೆ ಓಡಿದೆ.

ಇವರು ಕಣ್ಣು ತೆರೆದು ಮಲಗಿದ್ದರು. "ಬಂದ್ರಾ ಎಲ್ರೂ?" ಎಂದರು. "ತಡ ಮಾಡ್ಬೇಡ ಸರೋಜ. ಒಂಥರಾ ಆಗ್ತದೆ ಕಾಯ್ತಾ ಮಲಗಿದ್ರೆ."

ನನಗೆ ಬಂದದ್ದು ಅಳುವಲ್ಲ, ಕೆಟ್ಟ ಸಿಟ್ಟು. "ನೀವು ಸಾಯ್ತಿದ್ದೀರಿ ಅಂತ ನಿಮಗೆ ಯಾರು ಹೇಳಿದ್ದು?"

"ನೀನೇ."

"ನಾನ್ಯಾವಾಗ ಹೇಳ್ದೆ?"

"ಹಸಿ ಬಿದ್ರು ಅಂದೆ. ಭಾರ ತಡೀತದೆ ಅಂದೆ. ಕರ್ಕೊಂಡೋಗದೊಂದೇ ಬಾಕಿ ಅಂತ ದಿನಾ ಬಂದು ಹೇಳ್ದೆ." ಅವರ ದನಿಯಲ್ಲಿ ದೂರು ಇರಲಿಲ್ಲ. "ಆಸ್ಪತ್ರೇಲೇ ನಿನ್ ಮುಖ ನೋಡಿ ಗೊತ್ತಾಗಿತ್ತು ನಂಗೆ. ಹೇಳಕಾಗ್ದೆ ಒದ್ದಾಡ್ತಾವ್ಳೆ ಅಂತ ನಾನೂ ಕೇಳ್ಲಿಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ಹಾಸಿಗೆಯ ಅಂಚಿಗೆ ಹಣೆ ಹಚ್ಚಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಕಾಲು ಬರುವುದಿಲ್ಲ. ಇನ್ನೆಂದೂ ಬರುವುದಿಲ್ಲ. ಜೀವಕ್ಕೆ ಏನೂ ಆಗಿಲ್ಲ, ಉಂಡರೆ ಹುಣ್ಣು ಮಾಯುತ್ತದೆ, ಉಂಡು ಕೂತುಕೊಂಡರೆ ಬದುಕಬಹುದು.  ಕಾಲು ಬರುವುದಿಲ್ಲ ಎಂದಾಗ ಅವರ ಗಂಟಲಿನಿಂದ ಒಂದು ಸದ್ದು ಬಂತು. ಅದನ್ನು ನಾನು ಮರೆತಿಲ್ಲ. ಇವರು ಅಳುವುದನ್ನು ಅವತ್ತೇ ಮೊದಲು ನೋಡಿದ್ದು. ಬಾಗಿಲಾಚೆ ನೆಂಟರೆಲ್ಲ ನಿಂತಿದ್ದರು.

ಅಳು ನಿಂತ ಮೇಲೆ, "ಹಂಗಾದ್ರೆ ಆ ಚಪ್ಪರ ಯಾತಕ್ಕೆ?" ಎಂದು ಕೇಳಿದರು.

"ನೀವು ಕೂರಕೆ. ಬಿಸಿಲು ಕಾಯಕೆ. ನನ್ ಜತೆ ಟೀ ಕುಡಿಯಕೆ."

ಅವರು ನನ್ನ ಅಂಗೈ ಬಿಡಿಸಿ ನೋಡಿದರು. ಒಡೆದ ಬೊಕ್ಕೆಗಳ ಮೇಲೆ ಎಲೆಯ ರಸ ಕಪ್ಪಾಗಿ ಒಣಗಿತ್ತು. ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ, "ಭಾವ, ಸ್ವಲ್ಪ ಎತ್ತಿ ನನ್ನ" ಎಂದು ಅತ್ತಿಗೆಯ ಗಂಡನನ್ನು ಕರೆದರು. ಬಂದವರೆಲ್ಲ ಎತ್ತುವುದಕ್ಕೆಂದೇ ಬಂದಿದ್ದವರು, ಆದರೂ ಹತ್ತಿರ ಬರಲು ಹಿಂಜರಿದರು.

ಅವತ್ತು ಏನೂ ನೆಟ್ಟಗೆ ನಡೆಯಲಿಲ್ಲ. ಗಾಲಿಕುರ್ಚಿ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಬೆಳಕಿಗೆ ಬಂದ ಕೂಡಲೇ ಇವರಿಗೆ ತಲೆ ಸುತ್ತಿ, ಕುಡಿದ ನೀರೆಲ್ಲ ವಾಂತಿಯಾಯಿತು. ಕತ್ತು ನಿಲ್ಲಲಿಲ್ಲ, ನಾನು ಹಿಂದಿನಿಂದ ಹಿಡಿದುಕೊಂಡೆ. ನನ್ನ ಕಲ್ಲಿನ ಕಟ್ಟೆ ಎತ್ತರವಾಗಿತ್ತು, ಅದರ ಮೇಲೆ ಕೂತವರ ಮಂಡಿ ಇವರ ಮುಖದ ಹತ್ತಿರ ಬರುತ್ತಿತ್ತು. ನೆಂಟರು ಕೆಂಪು ಕುರ್ಚಿಗಳಲ್ಲಿ ಕೂತು ಎಲ್ಲಿ ನೋಡಬೇಕೆಂದು ತಿಳಿಯದೆ ಟವೆಲಿನ ಅಂಚು ಹಿಚುಕುತ್ತಿದ್ದರು. ಗೌರತ್ತಿಗೆ ಆ ಬಟ್ಟೆಯನ್ನು ಚೀಲದ ತಳಕ್ಕೆ ತಳ್ಳಿ ಮೇಲೆ ಎಲೆಅಡಿಕೆ ಸಂಚಿ ಇಟ್ಟರು. ಅತ್ತೆ ತಾವು ಸಾರಿಸಿದ ನೆಲದ ಮೇಲೆ ಕಾಲಿಡಲು ಹೆದರಿ ಬಾಗಿಲಲ್ಲೇ ಗಂಜಿ ಬಟ್ಟಲು ಹಿಡಿದು ನಿಂತಿದ್ದರು. ಇವರೇ "ಅವ್ವಾ, ತತ್ತಾ" ಎಂದ ಮೇಲೆ ಬಂದರು. ಅರ್ಧ ಬಟ್ಟಲು ಒಳಗೆ ಹೋಯಿತು. ಅರ್ಧ ಮೈಮೇಲೆ ಚೆಲ್ಲಿತು.

ಕಾಲು ಹೋದ ಮನುಷ್ಯ ಮುಂದೆ ಹೇಗೆ ಬದುಕುತ್ತಾರೆ, ಮೆಣಸು ಯಾರು ಕೊಯ್ಯುತ್ತಾರೆ, ನಾಳೆ ಮತ್ತೆ ಗೋಡೆಯ ಕಡೆ ತಿರುಗಿದರೆ ಏನು ಮಾಡಲಿ ಎಂದು ನನ್ನ ತಲೆಯೊಳಗೆ ಒಂದೇ ಸಮನೆ ಕುದಿಯುತ್ತಿತ್ತು. ಇವರು ತಲೆ ನನ್ನ ಹೊಟ್ಟೆಗೆ ಒರಗಿಸಿಕೊಂಡು ಹಿತ್ತಲನ್ನು ನೋಡುತ್ತ ಕೂತಿದ್ದರು. ಡೇರೆ ಮೊಳಕೆ ನೋಡಿದರು, ಮೆತ್ತೆ ನೋಡಿದರು. ಆಮೇಲೆ ನೆಲ ನೋಡಿದರು. ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಿಕ್ಕಿತು.

"ನೆಲ ಯಾರು ಸಮ ಮಾಡಿದ್ದು?"

"ನಾನೇ."

"ಇಳಿಜಾರೆಲ್ಲ ಮನೆ ಕಡೀಕೇ ಮಾಡಿದ್ದೀಯ. ಮಳೆ ಬಂದ್ರೆ ನೀರು ಒಳೀಕೆ ನುಗ್ತದೆ."

ನನಗೆ ಕೇಳಿದ್ದನ್ನು ನಂಬಲಾಗಲಿಲ್ಲ. ಇನ್ನೊಮ್ಮೆ ಕೇಳಿಸಿಕೊಳ್ಳಬೇಕಿತ್ತು. "ಯಾವ ಮಳೆ?" ಎಂದೆ.

"ಬರೋ ಮಳೆ. ಇನ್ಯಾವ ಮಳೆ? ಅಷ್ಟೂ ಗೊತ್ತಾಗಲ್ವಾ ನಿಂಗೆ?" ಎಂದು ಎಲ್ಲರ ಮುಂದೆ ಗದರಿದರು. "ಮಳೆ ಹಿಡಿಯೋಕೆ ಮುಂಚೆ ಆ ಬೇಲಿ ಕಡೀಕೆ ಚರಂಡಿ ತೆಗೀಬೇಕು. ಗುದ್ದಲಿ ತಗಂಬಾ, ಎಲ್ಲಿ ಅಂತ ತೋರುಸ್ತೀನಿ."

ಅವರ ತಲೆಯನ್ನು ಅತ್ತೆಯ ಕೈಗೆ ಕೊಟ್ಟು, ನಾನು ಗುದ್ದಲಿ ತರಲು ಹೋದೆ.